ನಾಳೆಯ ಗಾಳಿಯ ಲೆಕ್ಕ: ಒಂದು ಮಾದರಿಯನ್ನು ಕಟ್ಟಿ ರಿಪೇರಿ ಮಾಡಿದ ದಾಖಲೆ

ಬೆಳಗ್ಗೆ ಏಳು ಗಂಟೆಗೆ ಗಾಳಿಯಲ್ಲಿ ಪಿಎಂ 2.5 (2.5 ಮೈಕ್ರಾನ್ ಅಥವಾ ಅದಕ್ಕೂ ಕಿರಿದಾದ ವ್ಯಾಸದ ಕಣಗಳು) ಎಷ್ಟಿರುತ್ತದೆ ಎಂಬುದನ್ನು ಹಿಂದಿನ ಸಂಜೆಯೇ ಹೇಳಬಲ್ಲ ವ್ಯವಸ್ಥೆಯೊಂದನ್ನು ನನ್ನ ಮೇಜಿನ ಮೇಲಿನ ಕಂಪ್ಯೂಟರಿನಲ್ಲಿ ಕಟ್ಟಬೇಕು. ಈ ಕೆಲಸದ ಗುರಿ ಇಷ್ಟೇ. ಉಬ್ಬಸ ಇರುವವರಿಗೆ, ನಸುಕಿನಲ್ಲಿ ಓಡಲು ಹೊರಡುವವರಿಗೆ, ಮಕ್ಕಳನ್ನು ಶಾಲೆಗೆ ಕಳಿಸುವವರಿಗೆ ನಿನ್ನೆಯ ವರದಿಯಿಂದ ಹೆಚ್ಚು ಉಪಯೋಗವಿಲ್ಲ. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಪಿಎಂ 2.5ರ ಮಾರ್ಗಸೂಚಿ ಮಟ್ಟವನ್ನು ಇಳಿಸಿ, 24 ಗಂಟೆಯ ಸರಾಸರಿಗೆ ಘನ ಮೀಟರಿಗೆ 15 ಮೈಕ್ರೋಗ್ರಾಂ, ವರ್ಷದ ಸರಾಸರಿಗೆ 5 ಮೈಕ್ರೋಗ್ರಾಂ ಎಂದು ನಿಗದಿಪಡಿಸಿತು. ಆದರೆ 24 ಗಂಟೆಯ ಸರಾಸರಿಯೊಳಗೆ ಬೆಳಗಿನ ಎರಡು ಗಂಟೆಗಳ ಏರಿಕೆ ಕಾಣದಂತೆ ಕರಗಿಹೋಗುತ್ತದೆ. ನನಗೆ ಬೇಕಿದ್ದದ್ದು ಆ ಎರಡು ಗಂಟೆ.

ಹಳೆಯ ಅಳತೆಗಳನ್ನು ಕಂಪ್ಯೂಟರಿಗೆ ಕಲಿಸಿ ಮುಂದಿನದನ್ನು ಊಹಿಸುವ ದಾರಿಯೂ ಇದೆ, ಅದು ಬೇಗ ಮುಗಿಯುತ್ತದೆ. ನಾನು ವಾತಾವರಣ ರಸಾಯನ ಮಾದರಿಯನ್ನೇ ಆರಿಸಿಕೊಂಡೆ. ಗಾಳಿ ಎಲ್ಲಿಂದ ಬಂತು, ಅದರಲ್ಲಿ ಏನು ಬೆರೆಯಿತು, ಬಿಸಿಲಿನಲ್ಲಿ ಅದು ಏನಾಯಿತು ಎಂಬುದನ್ನು ಹಂತ ಹಂತವಾಗಿ ಲೆಕ್ಕ ಹಾಕುವ ಮಾದರಿ ತಪ್ಪಿದಾಗ, ಎಲ್ಲಿ ತಪ್ಪಿತು ಎಂದು ಹುಡುಕಲು ಸಾಧ್ಯವಿದೆ. ಹುಡುಕುವುದರಲ್ಲೇ ಈ ಕೆಲಸದ ಬಹುಪಾಲು ಸಮಯ ಹೋಯಿತು. ಆದ್ದರಿಂದ ಈ ದಾಖಲೆಯಲ್ಲಿಯೂ ಅದಕ್ಕೇ ಹೆಚ್ಚು ಜಾಗ.

ಮೊದಲ ವಾರ: ಡಬ್ಬಿ

ಪೂರ್ಣ ಮಾದರಿಗೆ ಕೈ ಹಾಕುವ ಮುಂಚೆ ಪೈಥಾನ್‌ನಲ್ಲಿ ಒಂದು ಡಬ್ಬಿ ಮಾದರಿ ಬರೆದೆ. ಗಾಳಿ ಬೀಸದ, ಏನೂ ಒಳಗೆ ಬರದ, ಏನೂ ಹೊರಗೆ ಹೋಗದ ಒಂದು ಕಲ್ಪಿತ ಡಬ್ಬಿ. ಒಳಗೆ ಮೂರೇ ಪ್ರತಿಕ್ರಿಯೆಗಳು. ಬಿಸಿಲು ನೈಟ್ರೋಜನ್ ಡೈಆಕ್ಸೈಡನ್ನು ಒಡೆದಾಗ ನೈಟ್ರಿಕ್ ಆಕ್ಸೈಡ್ ಮತ್ತು ಒಂಟಿ ಆಮ್ಲಜನಕ ಪರಮಾಣು ಹುಟ್ಟುತ್ತವೆ. ಆ ಪರಮಾಣು ಆಮ್ಲಜನಕದ ಅಣುವಿಗೆ ಅಂಟಿಕೊಂಡು ಓಝೋನ್ ಆಗುತ್ತದೆ. ಓಝೋನ್ ನೈಟ್ರಿಕ್ ಆಕ್ಸೈಡಿಗೆ ಎದುರಾದರೆ ಅದನ್ನು ಮತ್ತೆ ಡೈಆಕ್ಸೈಡ್ ಮಾಡಿ ತಾನು ಇಲ್ಲವಾಗುತ್ತದೆ. ಮೂರೂ ಸೇರಿ ಒಂದು ಚಕ್ರ.

ಇದನ್ನು ಕಾಗದದ ಮೇಲೆಯೇ ಬಿಡಿಸಬಹುದು. ನಡುಹಗಲಿನಲ್ಲಿ ನೈಟ್ರೋಜನ್ ಡೈಆಕ್ಸೈಡ್ ಒಡೆಯುವ ದರ ಸೆಕೆಂಡಿಗೆ 0.008ರ ಆಸುಪಾಸಿನಲ್ಲಿರುತ್ತದೆ, ಅಂದರೆ ಒಂದು ಅಣು ಸರಾಸರಿ ಎರಡು ನಿಮಿಷ ಬಾಳುತ್ತದೆ. 40 ಪಿಪಿಬಿ (ಗಾಳಿಯ ನೂರು ಕೋಟಿ ಅಣುಗಳಲ್ಲಿ 40) ಓಝೋನ್ ಇರುವ ಗಾಳಿಯಲ್ಲಿ ನೈಟ್ರಿಕ್ ಆಕ್ಸೈಡ್ ಬಾಳುವುದು ಹೆಚ್ಚುಕಡಿಮೆ ಒಂದು ನಿಮಿಷ. ಡೈಆಕ್ಸೈಡ್ ಎರಡು ಪಾಲು, ನೈಟ್ರಿಕ್ ಆಕ್ಸೈಡ್ ಒಂದು ಪಾಲು ಇದ್ದರೆ ಓಝೋನ್ ಸುಮಾರು 36 ಪಿಪಿಬಿಯಲ್ಲಿ ನಿಲ್ಲಬೇಕು. ನನ್ನ ಪ್ರೋಗ್ರಾಂ ಮಾತ್ರ ಋಣ ಸಂಖ್ಯೆಯನ್ನು ಮುದ್ರಿಸಿತು. ಶೂನ್ಯಕ್ಕಿಂತ ಕಡಿಮೆ ಓಝೋನ್! ಕಾರಣ ಸರಳವಾಗಿತ್ತು: ಐದೈದು ನಿಮಿಷಕ್ಕೊಂದು ಹೆಜ್ಜೆ ಇಡುವಂತೆ ಬರೆದಿದ್ದೆ. ಒಂದು ನಿಮಿಷ ಬಾಳುವ ಅಣುವನ್ನು ಐದು ನಿಮಿಷ ಒಂದೇ ವೇಗದಲ್ಲಿ ಖರ್ಚು ಮಾಡಿದರೆ ಇರುವುದಕ್ಕಿಂತ ಹೆಚ್ಚು ಖರ್ಚಾಗುತ್ತದೆ. ಹೆಜ್ಜೆಯನ್ನು ಒಂದು ಸೆಕೆಂಡಿಗೆ ಇಳಿಸಿದಾಗ ಉತ್ತರ 36ಕ್ಕೆ ಬಂದು ನಿಂತಿತು.

ನಿಜವಾದ ತೊಡಕು ಶುರುವಾದದ್ದು ಕಾರ್ಬನ್ ಮಾನಾಕ್ಸೈಡ್, ಫಾರ್ಮಾಲ್ಡಿಹೈಡ್ ಮತ್ತು ಬಹು ಚುರುಕಾಗಿ ಪ್ರತಿಕ್ರಿಯಿಸುವ ಹೈಡ್ರಾಕ್ಸಿಲ್ ರ‍್ಯಾಡಿಕಲ್‌ಗಳನ್ನು ಸೇರಿಸಿದ ಮೇಲೆ. ನೆಲಮಟ್ಟದ ಗಾಳಿಯಲ್ಲಿ ಒಂಟಿ ಆಮ್ಲಜನಕ ಪರಮಾಣು ಬಾಳುವುದು ಸುಮಾರು 13 ಮೈಕ್ರೋಸೆಕೆಂಡ್. ಹೈಡ್ರಾಕ್ಸಿಲ್ ಒಂದು ಸೆಕೆಂಡ್ ಅಥವಾ ಅದಕ್ಕೂ ಕಡಿಮೆ. ಕಾರ್ಬನ್ ಮಾನಾಕ್ಸೈಡ್ ಎರಡು ತಿಂಗಳ ಮೇಲೆ ಕೆಳಗೆ. ಒಂದೇ ಸಮೀಕರಣಗಳ ಗುಂಪಿನಲ್ಲಿ ಕಣ್ಣೆವೆ ಮಿಟುಕಿಸುವಷ್ಟರಲ್ಲಿ ಸಾಯುವವೂ ಇವೆ, ಋತು ಕಳೆಯುವವರೆಗೆ ಬಾಳುವವೂ ಇವೆ. ಅತಿ ಚುರುಕಿನದಕ್ಕೆ ಹೊಂದುವ ಹೆಜ್ಜೆ ಇಟ್ಟರೆ ಒಂದು ದಿನದ ಲೆಕ್ಕವೇ ಮುಗಿಯುವುದಿಲ್ಲ, ನಿಧಾನದ್ದಕ್ಕೆ ಹೊಂದುವ ಹೆಜ್ಜೆ ಇಟ್ಟರೆ ಲೆಕ್ಕ ಸಿಡಿದುಹೋಗುತ್ತದೆ. ಮುಂದಿನ ಸ್ಥಿತಿಯನ್ನೂ ಅಜ್ಞಾತವೆಂದೇ ಇಟ್ಟುಕೊಂಡು ಎಲ್ಲವನ್ನೂ ಒಟ್ಟಿಗೆ ಬಿಡಿಸುವ ವಿಧಾನಗಳು ಹುಟ್ಟಿದ್ದು ಇಂಥ ಸಮೀಕರಣಗಳಿಗಾಗಿ. ಪೈಥಾನಿನ ಸೈಪೈ ಎಂಬ ಗಣಿತದ ಕೋಡ್ ಗ್ರಂಥಾಲಯದಲ್ಲಿದ್ದ ಅಂಥ ಒಂದು ವಿಧಾನಕ್ಕೆ ಬದಲಿಸಿದ ಕೂಡಲೇ ಇಡೀ ದಿನದ ಲೆಕ್ಕ ಕೆಲವೇ ಕ್ಷಣಗಳಲ್ಲಿ ಮುಗಿಯಿತು. ದೊಡ್ಡ ಮಾದರಿಗಳಲ್ಲಿ ಇದೇ ಕೆಲಸವನ್ನು ರೋಸೆನ್‌ಬ್ರಾಕ್ ಎಂಬ ವಿಧಾನ ಮಾಡುತ್ತದೆ. ಪ್ರತಿಕ್ರಿಯೆಗಳ ಪಟ್ಟಿಯನ್ನು ಕೊಟ್ಟರೆ ಅದಕ್ಕೆ ಬೇಕಾದ ಕೋಡನ್ನು ಕೆಪಿಪಿ ಎಂಬ ಉಪಕರಣ ತಾನೇ ಬರೆದುಕೊಡುತ್ತದೆ.

ಡಬ್ಬಿಯನ್ನು ಬದಿಗಿಡುವ ಮುನ್ನ ಇನ್ನೊಂದು ಪ್ರಯೋಗ ಮಾಡಿದೆ. ಸಾವಯವ ಆವಿಗಳನ್ನು ಹಾಗೆಯೇ ಇಟ್ಟು ನೈಟ್ರೋಜನ್ ಆಕ್ಸೈಡುಗಳನ್ನು ಅರ್ಧಕ್ಕೆ ಇಳಿಸಿದೆ. ಓಝೋನ್ ಇಳಿಯಲಿಲ್ಲ, ಏರಿತು. ವಾಹನಗಳ ಹೊಗೆ ದಟ್ಟವಾಗಿರುವ ಕಡೆ ನೈಟ್ರಿಕ್ ಆಕ್ಸೈಡ್ ಓಝೋನನ್ನು ನುಂಗುತ್ತಿರುತ್ತದೆ, ಡೈಆಕ್ಸೈಡ್ ಹೈಡ್ರಾಕ್ಸಿಲನ್ನು ಹಿಡಿದಿಟ್ಟುಕೊಳ್ಳುತ್ತಿರುತ್ತದೆ. ಅವು ಕಡಿಮೆಯಾದಾಗ ಎರಡೂ ಕಟ್ಟು ಸಡಿಲಗೊಳ್ಳುತ್ತವೆ. ಲಾಸ್ ಏಂಜಲೀಸ್‌ನಲ್ಲಿ ವಾರಾಂತ್ಯಗಳಂದು ಓಝೋನ್ ಹೆಚ್ಚಾಗುತ್ತಿದ್ದುದಕ್ಕೆ ವಿಜ್ಞಾನಿಗಳು ಕೊಟ್ಟ ವಿವರಣೆಯೂ ಇದೇ. ಅದೇ ನಗರದ ಹೊಗೆಮಂಜಿನ ಮೂಲ ವಾಹನ ಮತ್ತು ಕಾರ್ಖಾನೆಗಳ ಹೊಗೆಯ ಮೇಲೆ ಬಿಸಿಲು ಮಾಡುವ ಕೆಲಸ ಎಂದು ಆರೀ ಹಾಗೆನ್-ಸ್ಮಿಟ್ 1950ರ ದಶಕದ ಆರಂಭದಲ್ಲಿ ತೋರಿಸಿದ್ದರು. ನೂರು ಸಾಲಿನ ನನ್ನ ಡಬ್ಬಿಯಲ್ಲಿ ಅದೇ ರಸಾಯನ ಕಣ್ಣೆದುರು ನಡೆದಾಗ ಆದ ಸಂತೋಷವನ್ನು ಇಲ್ಲಿ ದಾಖಲಿಸದೆ ಇರಲಾರೆ.

ಮೂರನೆಯ ವಾರ: ಸಂಕಲನ

ಆರಿಸಿಕೊಂಡದ್ದು ಡಬ್ಲ್ಯುಆರ್‌ಎಫ್-ಕೆಮ್. ಹವಾಮಾನ ಮಾದರಿಯೊಳಗೇ ರಸಾಯನವನ್ನು ಹೆಣೆದಿರುವ ಮುಕ್ತ ತಂತ್ರಾಂಶ ಇದು. ಗಾಳಿ, ಮೋಡ, ಉಷ್ಣತೆಗಳ ಲೆಕ್ಕ ನಡೆಯುವ ಚೌಕಗಳ ಗ್ರಿಡ್‌ನಲ್ಲೇ ಅನಿಲಗಳ, ಕಣಗಳ ಲೆಕ್ಕವೂ ನಡೆಯುತ್ತದೆ. ಸಿಎಂಎಕ್ಯು, ಶಿಮೇರ್ ಮುಂತಾದ ಇಂಥದೇ ಮಾದರಿಗಳನ್ನೂ ನೋಡಿದೆ. ಹವಾಮಾನ ಮತ್ತು ರಸಾಯನ ಎರಡೂ ಒಂದೇ ಕಡೆ ಇದ್ದರೆ ತಪ್ಪು ಹುಡುಕುವುದು ಸುಲಭ ಎನಿಸಿ ಇದರಲ್ಲೇ ನಿಂತೆ.

ಸಂಕಲನದ (ಮೂಲ ಕೋಡನ್ನು ಓಡಿಸಬಲ್ಲ ಪ್ರೋಗ್ರಾಂ ಆಗಿ ಕಟ್ಟುವ ಕೆಲಸದ) ಬಗ್ಗೆ ಹೆಚ್ಚು ಬರೆಯುವುದಿಲ್ಲ. ನೆಟ್‌ಸಿಡಿಎಫ್ ಎಂಬ ದತ್ತಾಂಶ ಕಡತಗಳ ಗ್ರಂಥಾಲಯವನ್ನು ಮಾದರಿಗೆ ಬಳಸುವ ಕಂಪೈಲರಿನಿಂದಲೇ ಕಟ್ಟಿಕೊಳ್ಳಬೇಕು. ಕೆಪಿಪಿಗೆ ಫ್ಲೆಕ್ಸ್ ಮತ್ತು ಯಾಕ್ ಎಂಬ ಸಹಾಯಕ ಪ್ರೋಗ್ರಾಂಗಳು ಬೇಕು. ಜಿಫೋರ್ಟ್ರಾನ್ ಕಂಪೈಲರಿನ 10 ಮತ್ತು ನಂತರದ ಆವೃತ್ತಿಗಳು ಹಳೆಯ ಕೋಡಿನ ಆರ್ಗ್ಯುಮೆಂಟ್ ಹೊಂದಾಣಿಕೆಯ ಲೋಪಗಳನ್ನು ದೋಷವೆಂದೇ ಪರಿಗಣಿಸುವುದರಿಂದ ಅವನ್ನು ಸಹಿಸುವಂತೆ ಪ್ರತ್ಯೇಕ ಸೂಚನೆ ಕೊಡಬೇಕು. ಎಲ್ಲ ಆದ ಮೇಲೂ ಮಾದರಿ ಮೊದಲ ಹೆಜ್ಜೆಯಲ್ಲೇ ಸದ್ದಿಲ್ಲದೆ ಕುಸಿದರೆ ಮೊದಲು ಸ್ಟ್ಯಾಕ್ (ಪ್ರೋಗ್ರಾಮಿನ ತಾತ್ಕಾಲಿಕ ಸ್ಮೃತಿ) ಮಿತಿಯನ್ನು ತೆಗೆದುಹಾಕಿ ನೋಡಿ. ನನ್ನ ಎರಡು ದಿನ ಅದರಲ್ಲೇ ಹೋದವು.

ಹೊರಗಿನ ಗ್ರಿಡ್ಡಿನ ಚೌಕ 9 ಕಿಲೋಮೀಟರ್, ಒಳಗಿನದು 3 ಕಿಲೋಮೀಟರ್. ಕಿಲೋಮೀಟರಿಗೆ ಆರು ಸೆಕೆಂಡ್ ಎಂಬ ರೂಢಿಯ ಸೂತ್ರದಂತೆ ಹೊರಗಿನದಕ್ಕೆ 54, ಒಳಗಿನದಕ್ಕೆ 18 ಸೆಕೆಂಡಿನ ಹೆಜ್ಜೆ. ಹವಾಮಾನದ ಆರಂಭಸ್ಥಿತಿ ಮತ್ತು ಗಡಿಸ್ಥಿತಿ ಜಾಗತಿಕ ಹವಾಮಾನ ಮುನ್ಸೂಚನೆ ಮಾದರಿಯಾದ ಜಿಎಫ್‌ಎಸ್‌ನ ಕಾಲು ಡಿಗ್ರಿ ದತ್ತಾಂಶದಿಂದ. ಅನಿಲಗಳಿಗೆ ಮೊಝಾರ್ಟ್-4 ರಸಾಯನ: 85 ಅನಿಲರೂಪದ ವಸ್ತುಗಳು, 39 ದ್ಯುತಿವಿಭಜನೆಗಳು (ಬಿಸಿಲಿನಿಂದ ಒಡೆಯುವ ಕ್ರಿಯೆಗಳು), 157 ಅನಿಲ ಪ್ರತಿಕ್ರಿಯೆಗಳು ಅದರ ಮೂಲ ಪಟ್ಟಿಯಲ್ಲಿವೆ. ಕಣಗಳಿಗೆ ಮೊಸಾಯಿಕ್ ಎಂಬ ಲೆಕ್ಕದ ವಿಧಾನ, ನಾಲ್ಕು ಗಾತ್ರಗಳ ಗೂಡುಗಳೊಂದಿಗೆ. 0.039ರಿಂದ 0.156, 0.625, 2.5, ಕೊನೆಗೆ 10 ಮೈಕ್ರಾನ್ ವ್ಯಾಸದವರೆಗೆ. ಮೊದಲ ಮೂರು ಗೂಡುಗಳನ್ನು ಕೂಡಿದರೆ ಪಿಎಂ 2.5. ದೂರದಿಂದ ಬರುವ ಓಝೋನ್, ಕಾರ್ಬನ್ ಮಾನಾಕ್ಸೈಡ್, ಧೂಳು ಮುಂತಾದವಕ್ಕೆ ವಾಕಮ್ ಎಂಬ ಜಾಗತಿಕ ಮಾದರಿಯ ಗಡಿಸ್ಥಿತಿ. ಮರಗಿಡಗಳು ಬಿಡುವ ಆವಿಯಾದ ಐಸೊಪ್ರೀನ್‌ಗೆ ಮೆಗಾನ್ ಎಂಬ ಮಾದರಿ, ಕಾಡು ಮತ್ತು ಹೊಲಗಳ ಬೆಂಕಿಗೆ ಉಪಗ್ರಹ ಕಂಡ ಬೆಂಕಿಗಳಿಂದ ಲೆಕ್ಕ ಹಾಕುವ ಫಿನ್. ಮನುಷ್ಯರ ಹೊರಸೂಸುವಿಕೆಗೆ ಎಡ್ಗಾರ್-ಎಚ್‌ಟಿಎಪಿ ಪಟ್ಟಿ. 0.1 ಡಿಗ್ರಿ ಚೌಕಗಳಲ್ಲಿ, ತಿಂಗಳುವಾರು, ಸಾರಿಗೆ, ಕೈಗಾರಿಕೆ, ವಿದ್ಯುತ್, ಮನೆ ಎಂದು ಕ್ಷೇತ್ರವಾರಾಗಿ ಸಿಗುತ್ತದೆ.

ಐದನೆಯ ವಾರ: ಕಿಲೋಗ್ರಾಂ ಮತ್ತು ಮೋಲ್

ಮೊದಲ ಪೂರ್ಣ ಓಟದಲ್ಲಿ ಓಝೋನ್ ಎಲ್ಲೆಡೆ ಶೂನ್ಯ. ಗಾಬರಿಯಾಯಿತು. ಆಮೇಲೆ ತಿಳಿಯಿತು, ಮಾದರಿ ಪಿಪಿಎಂ (ಹತ್ತು ಲಕ್ಷದಲ್ಲಿ ಒಂದು ಭಾಗ) ಲೆಕ್ಕದಲ್ಲಿ ಬರೆಯುತ್ತದೆ, ನನ್ನ ನಕ್ಷೆಯ ಮಾಪಕ ಪಿಪಿಬಿಯಲ್ಲಿತ್ತು. 0.04 ಎಂಬ ಸಂಖ್ಯೆ ಅದರಲ್ಲಿ ಕಾಣುವುದಾದರೂ ಹೇಗೆ? ಸಾವಿರದಿಂದ ಗುಣಿಸಿದೆ. ಹಳ್ಳಿಗಾಡಿನ ಚೌಕಗಳು ಸರಿಹೋದವು. ನಗರದ ಮೇಲೆ ಮಾತ್ರ ನಡುಹಗಲಿನಲ್ಲೂ ಓಝೋನ್ ತೀರ ಕಡಿಮೆ ಇತ್ತು.

ಡಬ್ಬಿಯ ಪ್ರಯೋಗ ಇಲ್ಲಿ ನೆರವಿಗೆ ಬಂತು. ಹಗಲಿನಲ್ಲೂ ಓಝೋನ್ ಸಾಯುತ್ತಿದೆ ಎಂದರೆ ನೈಟ್ರಿಕ್ ಆಕ್ಸೈಡ್ ಅಗತ್ಯಕ್ಕಿಂತ ಹೆಚ್ಚಾಗಿ ಸುರಿಯುತ್ತಿದೆ. ಹೊರಸೂಸುವಿಕೆಯ ಪಟ್ಟಿ ಚದರ ಮೀಟರಿಗೆ ಸೆಕೆಂಡಿಗೆ ಇಷ್ಟು ಕಿಲೋಗ್ರಾಂ ಎನ್ನುತ್ತದೆ. ಮಾದರಿಗೆ ಅನಿಲಗಳು ಬೇಕಿರುವುದು ಚದರ ಕಿಲೋಮೀಟರಿಗೆ ಗಂಟೆಗೆ ಇಷ್ಟು ಮೋಲ್ (ಅಣುಗಳ ಎಣಿಕೆಯ ಏಕಮಾನ) ಎಂದು. ನಡುವೆ ಅಣುತೂಕದಿಂದ ಭಾಗಿಸಬೇಕು. ಬಹುತೇಕ ನೈಟ್ರೋಜನ್ ಆಕ್ಸೈಡ್ ಚಿಮಣಿಯಿಂದ ಹೊರಬರುವುದು ನೈಟ್ರಿಕ್ ಆಕ್ಸೈಡ್ ರೂಪದಲ್ಲಿ, ಹಾಗಾಗಿ ನಾನು 30ರಿಂದ ಭಾಗಿಸಿದ್ದೆ. ಆದರೆ ಪಟ್ಟಿಯಲ್ಲಿನ ತೂಕವನ್ನು ಎಲ್ಲವೂ ನೈಟ್ರೋಜನ್ ಡೈಆಕ್ಸೈಡ್ ಎಂಬಂತೆ ಬರೆದಿರುತ್ತಾರೆ, ಭಾಗಿಸಬೇಕಾದದ್ದು 46ರಿಂದ. ಪಟ್ಟಿಯಲ್ಲಿ ಚದರ ಮೀಟರಿಗೆ ಸೆಕೆಂಡಿಗೆ ಒಂದು ಕಿಲೋಗ್ರಾಮಿನ ಸಾವಿರ ಕೋಟಿಯ ಒಂದು ಭಾಗ ಇದ್ದರೆ ಸರಿಯಾದ ಉತ್ತರ ಗಂಟೆಗೆ 7.8 ಮೋಲ್. ನನ್ನದು 12 ಆಗಿತ್ತು. ಒಂದೂವರೆ ಪಟ್ಟು ಹೆಚ್ಚು.

ಈ ತಪ್ಪನ್ನು ಕಣ್ಣಿಟ್ಟು ನೋಡಿದರೆ ಸಿಗುವುದಿಲ್ಲ, ಕೂಡಿಸಿ ನೋಡಿದರೆ ಸಿಗುತ್ತದೆ. ಮೂಲ ಪಟ್ಟಿಯಲ್ಲಿ ನನ್ನ ಗ್ರಿಡ್ಡಿನ ವ್ಯಾಪ್ತಿಯೊಳಗೆ ವರ್ಷಕ್ಕೆ ಒಟ್ಟು ಎಷ್ಟು ಟನ್ ಎಂದು ಕೂಡಿದೆ. ಮಾದರಿಗೆ ಕೊಡುವ ಕಡತದಿಂದ ಅದೇ ಮೊತ್ತವನ್ನು ಹಿಮ್ಮುಖವಾಗಿ ತೆಗೆದೆ. ಎರಡೂ ತಾಳೆಯಾಗಬೇಕು. ಈಗ ಈ ತಾಳೆ ನೋಡುವ ಕೆಲಸವನ್ನು ಪ್ರತಿ ಅನಿಲಕ್ಕೂ ತಾನೇ ಮಾಡುವ ಸಣ್ಣ ಪ್ರೋಗ್ರಾಂ ಬರೆದಿದ್ದೇನೆ. ಶೇಕಡಾ ಒಂದಕ್ಕಿಂತ ಹೆಚ್ಚು ವ್ಯತ್ಯಾಸವಿದ್ದರೆ ಮಾದರಿ ಹೊರಡುವುದೇ ಇಲ್ಲ.

ಏಳನೆಯ ವಾರ: ಗಡಿಯಾರ

ಓಝೋನ್ ದಾರಿಗೆ ಬಂತು. ಪಿಎಂ 2.5ರ ದಿನದ ಸರಾಸರಿಯೂ ನಿಗಾ ಕೇಂದ್ರದ ಅಳತೆಗೆ ಹತ್ತಿರವಿತ್ತು. ಅಲ್ಲಿಗೇ ನಿಲ್ಲಿಸಬಹುದಿತ್ತು. ಆದರೆ ಗಂಟೆಗಂಟೆಯ ಗೆರೆಗಳನ್ನು ಒಂದರ ಮೇಲೊಂದು ಇಟ್ಟಾಗ ಎರಡಕ್ಕೂ ಸಂಬಂಧವೇ ಇರಲಿಲ್ಲ. ಅಳತೆಯಲ್ಲಿ ಬೆಳಗ್ಗೆ ಏಳು ಎಂಟರ ಸುಮಾರಿಗೆ ಒಂದು ಶಿಖರ, ರಾತ್ರಿ ಎಂಟು ಒಂಬತ್ತಕ್ಕೆ ಇನ್ನೊಂದು. ಮಾದರಿಯಲ್ಲಿ ಬೆಳಗ್ಗೆ ತಗ್ಗು, ಮಧ್ಯರಾತ್ರಿ ಎತ್ತರ. ನನಗೆ ಬೇಕಿದ್ದ ಎರಡು ಗಂಟೆಗಳಲ್ಲೇ ಮಾದರಿ ಅತಿ ಹೆಚ್ಚು ತಪ್ಪುತ್ತಿತ್ತು.

ರಸಾಯನವನ್ನೇ ಅನುಮಾನಿಸಿ ಒಂದು ವಾರ ಕಳೆದೆ. ಅಮೋನಿಯಂ ನೈಟ್ರೇಟ್ ತಂಪಿನಲ್ಲಿ, ತೇವದಲ್ಲಿ ಕಣವಾಗಿ ಕೂಡುತ್ತದೆ, ಬಿಸಿಲೇರಿದಾಗ ಮತ್ತೆ ಅನಿಲವಾಗಿ ಹಾರುತ್ತದೆ. ಬೆಳಗಿನ ಶಿಖರ ಅದರದ್ದೇ ಇರಬಹುದೆಂದು ಅಮೋನಿಯಾದ ಲೆಕ್ಕವನ್ನೆಲ್ಲ ತಿರುವಿಹಾಕಿದೆ. ಏನೂ ಸಿಗಲಿಲ್ಲ.

ಉತ್ತರ ಓಝೋನ್ ಗೆರೆಯಲ್ಲಿತ್ತು. ಓಝೋನ್ ಮಾತ್ರ ಸರಿಯಾದ ಹೊತ್ತಿಗೆ ಏರಿ ಸರಿಯಾದ ಹೊತ್ತಿಗೆ ಇಳಿಯುತ್ತಿತ್ತು. ಅಂದರೆ ಮಾದರಿಯೊಳಗಿನ ಸೂರ್ಯನ ಗಡಿಯಾರ ಸರಿ ಇದೆ. ಹಾಗಾದರೆ ಕೆಟ್ಟಿರುವುದು ಯಾವ ಗಡಿಯಾರ? ತಿಂಗಳ ಸರಾಸರಿಯನ್ನು ಗಂಟೆಗಳಿಗೆ ಹಂಚಲು ನಾನು ಒಂದು ಕೋಷ್ಟಕ ಮಾಡಿಕೊಂಡಿದ್ದೆ. ಬೆಳಗ್ಗೆ ಎಂಟಕ್ಕೆ, ಸಂಜೆ ಆರಕ್ಕೆ ವಾಹನಗಳ ಪಾಲು ಹೆಚ್ಚು, ರಾತ್ರಿ ಎರಡಕ್ಕೆ ಕಡಿಮೆ. ಕೋಷ್ಟಕ ಸ್ಥಳೀಯ ಸಮಯದ್ದು. ಮಾದರಿ ಓದುವುದು ಯುಟಿಸಿಯಲ್ಲಿ, ಅಂದರೆ ಗ್ರೀನಿಚ್ ಆಧಾರಿತ ಜಾಗತಿಕ ಸಮಯದಲ್ಲಿ. ನಾನು ಆರಿಸಿಕೊಂಡ ಪ್ರದೇಶ ಗ್ರೀನಿಚ್‌ನಿಂದ ಪೂರ್ವಕ್ಕಿದೆ, ಅಲ್ಲಿನ ಗಡಿಯಾರ ಐದು ಗಂಟೆಗೂ ಹೆಚ್ಚು ಮುಂದೆ. ಹೀಗಾಗಿ ಬೆಳಗಿನ ವಾಹನದಟ್ಟಣೆಯ ಹೊಗೆಯೆಲ್ಲ ನಡುಹಗಲಿಗೆ ಬಿಡುಗಡೆಯಾಗುತ್ತಿತ್ತು, ಸಂಜೆಯದು ಮಧ್ಯರಾತ್ರಿಯ ಹೊತ್ತಿಗೆ. ಹೊರಸೂಸುವಿಕೆಯ ಒಟ್ಟು ಮೊತ್ತ ತಾಳೆಯಾಗುತ್ತಿದ್ದುದರಿಂದ ನನ್ನ ಕೂಡಿಕೆಯ ಪರೀಕ್ಷೆಗೆ ಇದು ಸಿಕ್ಕಿರಲಿಲ್ಲ. ಮೊತ್ತ ಸರಿ, ಹೊತ್ತು ತಪ್ಪು.

ಕೋಷ್ಟಕವನ್ನು ಸರಿಸಿ, ಪ್ರತಿ ಚೌಕದ ರೇಖಾಂಶಕ್ಕೆ ತಕ್ಕ ಸಮಯವಲಯ ಬಳಸುವಂತೆ ಮಾಡಿ, ಮತ್ತೆ ಓಡಿಸಿದೆ. ಎರಡೂ ಶಿಖರಗಳು ತಮ್ಮ ಜಾಗಕ್ಕೆ ಬಂದವು. ಆದರೆ ಬೆಳಗಿನ ಶಿಖರ ಅಳತೆಯ ಎರಡು ಪಟ್ಟು ಎತ್ತರಕ್ಕೆ ಎದ್ದು ನಿಂತಿತು, ದಿನದ ಸರಾಸರಿ ಮೊದಲಿಗಿಂತಲೂ ಕೆಟ್ಟಿತು.

ಎಂಟರಿಂದ ಹನ್ನೊಂದನೆಯ ವಾರ: ಮುಚ್ಚಳ

ಒಂದು ತಪ್ಪನ್ನು ತಿದ್ದಿದಾಗ ಫಲಿತಾಂಶ ಹದಗೆಟ್ಟರೆ, ಆ ತಪ್ಪಿನ ಹಿಂದೆ ಇನ್ನೊಂದು ಅಡಗಿತ್ತು ಎಂದು ಅರ್ಥ. ಎತ್ತು ಏರಿಗೆ ಎಳೆದು ಕೋಣ ನೀರಿಗೆ ಎಳೆದಂತೆ ಎರಡು ತಪ್ಪುಗಳು ಎದುರುಬದುರು ಎಳೆಯುತ್ತಿದ್ದುದರಿಂದಲೇ ದಿನದ ಸರಾಸರಿ ಹದದಲ್ಲಿ ನಿಂತಿತ್ತು. ಬೆಳಗಿನ ಹೊಗೆ ನಡುಹಗಲಿಗೆ ಸರಿದಿದ್ದಾಗ ಅದನ್ನು ಕಲಸಿ ತೆಳುಮಾಡಲು ಒಂದೂವರೆ ಎರಡು ಕಿಲೋಮೀಟರ್ ಎತ್ತರದ ಗಾಳಿ ಇತ್ತು. ಸರಿಯಾದ ಹೊತ್ತಿಗೆ ಬಂದಾಗ ಅದು ಸಿಕ್ಕಿಬಿದ್ದದ್ದು ನಸುಕಿನ ತೆಳು ಪದರದಲ್ಲಿ.

ನೆಲಕ್ಕೆ ತಾಗಿದ ಗಾಳಿ ಕಲಸಿಕೊಳ್ಳುವ ಈ ಭಾಗವನ್ನು ಗಡಿಪದರ ಎನ್ನುತ್ತಾರೆ. ಬಿಸಿಲು ನೆಲವನ್ನು ಕಾಯಿಸಿದಂತೆ ಅದು ಮೇಲೇರುತ್ತದೆ, ಸಂಜೆ ನೆಲ ತಣ್ಣಗಾದಂತೆ ಕುಸಿಯುತ್ತದೆ. ಅದೊಂದು ಏರಿಳಿಯುವ ಮುಚ್ಚಳ. ಅದೇ ಹೊಗೆ, ಅರ್ಧ ಎತ್ತರದ ಮುಚ್ಚಳ ಎಂದರೆ ಎರಡು ಪಟ್ಟು ಮಾಲಿನ್ಯ. ನನ್ನ ಮಾದರಿಯಲ್ಲಿ ಬೆಳಗಿನ ಜಾವ ಈ ಮುಚ್ಚಳ ಕೆಲವೇ ಹತ್ತು ಮೀಟರ್‌ಗಳಿಗೆ ಇಳಿದು, ಸೂರ್ಯ ಹುಟ್ಟಿದ ಮೇಲೂ ಬಹಳ ಹೊತ್ತು ಅಲ್ಲೇ ಇರುತ್ತಿತ್ತು.

ಆದರೂ ಮುಚ್ಚಳವೇ ಕಾರಣ ಎಂದು ಹೇಳಲು ಸಾಕ್ಷಿ ಬೇಕಿತ್ತು. ಹೊರಸೂಸುವಿಕೆಯ ಪಟ್ಟಿಯೇ ಹೆಚ್ಚಾಗಿರಬಹುದು, ಅಥವಾ ಕಣಗಳ ರಸಾಯನವೇ ತಪ್ಪಿರಬಹುದು. ಮೂರನ್ನು ಬೇರೆ ಬೇರೆ ಮಾಡುವುದು ಹೇಗೆ?

ಕಾರ್ಬನ್ ಮಾನಾಕ್ಸೈಡ್ ಮಾಡಿತು. ಅದರ ಆಯಸ್ಸು ಎರಡು ತಿಂಗಳು ಎಂದು ಮೊದಲ ವಾರವೇ ಡಬ್ಬಿಯಲ್ಲಿ ಕಂಡಿದ್ದೆ. ಒಂದು ಬೆಳಗಿನ ಮಟ್ಟಿಗೆ ಅದಕ್ಕೆ ರಸಾಯನವೇ ಇಲ್ಲ ಎನ್ನಬಹುದು. ಸುಟ್ಟಲ್ಲಿ ಹುಟ್ಟುತ್ತದೆ, ಗಾಳಿಯೊಂದಿಗೆ ಹೋಗುತ್ತದೆ, ಅಷ್ಟೇ. ನಿಗಾ ಕೇಂದ್ರದಲ್ಲಿ ಅದರ ಅಳತೆಯೂ ಇತ್ತು, ಘನ ಮೀಟರಿಗೆ ಮಿಲಿಗ್ರಾಂ ಲೆಕ್ಕದಲ್ಲಿ. 25 ಡಿಗ್ರಿಯಲ್ಲಿ ಒಂದು ಪಿಪಿಎಂ ಎಂದರೆ 1.145 ಮಿಲಿಗ್ರಾಂ. ಪರಿವರ್ತಿಸಿ, ಮಾದರಿಯ ಮೌಲ್ಯವನ್ನು ಅಳತೆಯಿಂದ ಭಾಗಿಸಿ, ಗಂಟೆವಾರು ಗೆರೆ ಎಳೆದೆ. ಮಧ್ಯಾಹ್ನ ಭಾಗಲಬ್ಧ ಒಂದರ ಹತ್ತಿರ. ಬೆಳಗಿನ ಜಾವ ಎರಡು. ಪಿಎಂ 2.5ರ ಗೆರೆಯೂ ಬಹುಮಟ್ಟಿಗೆ ಅದೇ ಆಕಾರದ್ದು. ಮಧ್ಯಾಹ್ನ ಸರಿಯಿದ್ದ ಕಾರಣ ಪಟ್ಟಿಯ ಒಟ್ಟು ಮೊತ್ತದ ಮೇಲೆ ಅನುಮಾನ ಉಳಿಯಲಿಲ್ಲ. ರಸಾಯನವೇ ಇಲ್ಲದ ಅನಿಲವೂ ಅದೇ ರೀತಿ ತಪ್ಪಿದ್ದರಿಂದ ರಸಾಯನವೂ ನಿರ್ದೋಷಿ. ಉಳಿದದ್ದು ಕಲಸುವಿಕೆ. ಇಡೀ ಕೆಲಸದಲ್ಲಿ ನಾನು ಎಳೆದ ಅತ್ಯಂತ ಉಪಯುಕ್ತ ಗೆರೆ ಇದು. ಇದನ್ನು ಮೊದಲ ದಿನವೇ ಎಳೆದಿದ್ದರೆ ಅಮೋನಿಯಾದ ಹಿಂದೆ ಒಂದು ವಾರ ಅಲೆಯಬೇಕಿರಲಿಲ್ಲ.

ಸುಲಭದ ದಾರಿಯೊಂದು ಎದುರಿಗಿತ್ತು: ಕಲಸುವಿಕೆಯ ಗುಣಾಂಕ ಒಂದು ಮಟ್ಟಕ್ಕಿಂತ ಕೆಳಗೆ ಇಳಿಯದಂತೆ ಮಾಡುವುದು. ಮಾಡಿ ನೋಡಿದೆ. ನಗರದ ಶಿಖರ ಇಳಿಯಿತು. ಆದರೆ ಹಳ್ಳಿಗಾಡಿನ ಚೌಕಗಳಲ್ಲಿ ರಾತ್ರಿಯ ಓಝೋನ್ ಕೆಟ್ಟಿತು. ರಾತ್ರಿ ನೆಲದ ಹತ್ತಿರದ ಓಝೋನ್ ಎಲೆ ಮಣ್ಣುಗಳಿಗೆ ಅಂಟಿ ಕಡಿಮೆಯಾಗಬೇಕು. ಬಲವಂತವಾಗಿ ಕಲಸಿದಾಗ ಮೇಲಿನ ಓಝೋನ್ ಕೆಳಗಿಳಿದು ರಾತ್ರಿಯಿಡೀ ಉಳಿಯಿತು. ಒಂದು ಕಡೆಯ ಗಾಯಕ್ಕೆ ಊರೆಲ್ಲರಿಗೂ ಪಟ್ಟಿ ಕಟ್ಟಿದಂತಾಯಿತು. ಆ ಬದಲಾವಣೆಯನ್ನು ಹಿಂತೆಗೆದುಕೊಂಡೆ.

ಆಮೇಲೆ ನೆಲದ ನಕ್ಷೆಯನ್ನು ತೆರೆದೆ. ಮಾದರಿಯೊಂದಿಗೆ ಬಂದ ಭೂಬಳಕೆಯ ನಕ್ಷೆ ಹಳೆಯ ಉಪಗ್ರಹ ಚಿತ್ರಗಳದ್ದು. ಈಗ ಕಟ್ಟಡಗಳಿಂದ ತುಂಬಿರುವ ಅನೇಕ ಚೌಕಗಳು ಅದರಲ್ಲಿ ಇನ್ನೂ ಬೆಳೆಭೂಮಿ. ಹೊಲದ ಮಣ್ಣು ಸಂಜೆಯಾದೊಡನೆ ಬೇಗ ತಣಿಯುತ್ತದೆ, ಅದರ ಮೇಲಿನ ಗಾಳಿ ಅಲುಗದೆ ಮಲಗುತ್ತದೆ. ಕಾಂಕ್ರೀಟ್ ಹಗಲಿನ ಬಿಸಿಯನ್ನು ಹಿಡಿದಿಟ್ಟು ರಾತ್ರಿಯಿಡೀ ಬಿಡುತ್ತದೆ, ಎತ್ತರ ತಗ್ಗಿನ ಕಟ್ಟಡಗಳು ಗಾಳಿಯನ್ನು ಕದಡುತ್ತವೆ. ನಗರದ ಮುಚ್ಚಳ ಹೊಲದ ಮುಚ್ಚಳದಷ್ಟು ಕೆಳಗೆ ಇಳಿಯುವುದಿಲ್ಲ. ಮಾದರಿ ಹೊಲದ ಮೇಲೆ ನಗರದ ಹೊಗೆಯನ್ನು ಸುರಿಯುತ್ತಿತ್ತು. ಹೊಸ ಉಪಗ್ರಹ ನಕ್ಷೆಯ ಆಧಾರದ ಮೇಲೆ ಆ ಚೌಕಗಳನ್ನು ನಗರ ವರ್ಗಕ್ಕೆ ಬದಲಿಸಿದೆ. ಮೋಡಿಸ್ ಎಂಬ ಉಪಗ್ರಹ ಸಂವೇದಕದ ವರ್ಗೀಕರಣದಲ್ಲಿ ಅದು 13ನೆಯದು. ಕಟ್ಟಡಗಳ ನಡುವಿನ ಶಾಖವನ್ನು ಲೆಕ್ಕ ಹಾಕುವ ಒಂದು ಪದರದ ನಗರ ಮಾದರಿಯನ್ನೂ ಚಾಲೂ ಮಾಡಿದೆ.

ಶಿಖರ ಗಣನೀಯವಾಗಿ ಇಳಿಯಿತು. ಇನ್ನೂ ಸ್ವಲ್ಪ ಎತ್ತರವೇ ಇತ್ತು. ಉಳಿದ ಭಾಗಕ್ಕೆ ಕಾರಣ ಚಿಮಣಿಗಳು. ನಾನು ಎಲ್ಲ ಹೊರಸೂಸುವಿಕೆಯನ್ನೂ ನೆಲಕ್ಕೆ ತಾಗಿದ ಮೊದಲ ಪದರಕ್ಕೇ ಹಾಕಿದ್ದೆ. ಉಷ್ಣವಿದ್ಯುತ್ ಸ್ಥಾವರದ ಚಿಮಣಿ ನೂರಾರು ಮೀಟರ್ ಎತ್ತರವಿರುತ್ತದೆ, ಬಿಸಿ ಹೊಗೆ ಅದಕ್ಕೂ ಮೇಲೆ ಏರುತ್ತದೆ. ರಾತ್ರಿಯ ಮುಚ್ಚಳ ತಗ್ಗಿನಲ್ಲಿದ್ದರೆ ಆ ಹೊಗೆ ಮುಚ್ಚಳದ ಮೇಲೆಯೇ ಹರಿದುಹೋಗುತ್ತದೆ. ಪಟ್ಟಿ ಕ್ಷೇತ್ರವಾರಾಗಿ ಇದ್ದುದರಿಂದ ವಿದ್ಯುತ್ ಕ್ಷೇತ್ರದ ಪಾಲನ್ನು ಮೇಲಿನ ಪದರಗಳಿಗೆ, ಕೈಗಾರಿಕೆಯ ಒಂದು ಭಾಗವನ್ನು ನಡುವಿನ ಪದರಗಳಿಗೆ ಹಂಚಿದೆ. ಸಲ್ಫರ್ ಡೈಆಕ್ಸೈಡ್ ತಕ್ಷಣ ಸರಿಹೋಯಿತು, ಅದರ ದೊಡ್ಡ ಪಾಲು ಚಿಮಣಿಗಳದ್ದೇ ಆದ್ದರಿಂದ. ಪಿಎಂ 2.5 ಕೂಡ ಅಳತೆಯ ಹತ್ತಿರ ಬಂತು.

ಅಳತೆಯ ಕಡೆಯೂ ಒಂದು ಎಚ್ಚರ ಬೇಕು. ನಿಗಾ ಕೇಂದ್ರ ಅಳೆಯುವುದು ನೆಲದಿಂದ ಕೆಲವು ಮೀಟರ್ ಎತ್ತರದ ಒಂದು ಬಿಂದುವನ್ನು, ಮಾದರಿ ಕೊಡುವುದು 3 ಕಿಲೋಮೀಟರ್ ಚೌಕದ ಸರಾಸರಿಯನ್ನು. ರಸ್ತೆಯ ಅಂಚಿನ ಕೇಂದ್ರಗಳನ್ನು ಹೋಲಿಕೆಯಿಂದ ಬಿಟ್ಟೆ. ಲೇಸರ್ ಬೆಳಕಿನಿಂದ ಎಣಿಸುವ ಅಗ್ಗದ ಸಂವೇದಕಗಳನ್ನೂ ಹತ್ತಿರ ಇಟ್ಟುಕೊಂಡಿದ್ದೇನೆ. ಮಂಜಿನ ಬೆಳಗಿನಲ್ಲಿ ಕಣಗಳು ನೀರು ಕುಡಿದು ಉಬ್ಬಿದಾಗ ಅವು ಹೆಚ್ಚು ತೋರಿಸುತ್ತವೆ. ಮಾದರಿ ಕೊಡುವುದು ನೀರು ಬಿಟ್ಟ ಒಣ ತೂಕ. ಎರಡನ್ನೂ ನೇರವಾಗಿ ಹೋಲಿಸಿದರೆ ಇಲ್ಲದ ತಪ್ಪನ್ನು ತಿದ್ದುತ್ತಾ ಕೂರಬೇಕಾಗುತ್ತದೆ. ತೇವಾಂಶ ಹೆಚ್ಚಿರುವ ಗಂಟೆಗಳಲ್ಲಿ ಆ ಸಂವೇದಕಗಳನ್ನು ಲೆಕ್ಕಕ್ಕೆ ತೆಗೆದುಕೊಳ್ಳುತ್ತಿಲ್ಲ.

ಹನ್ನೆರಡನೆಯ ವಾರದಿಂದ: ಎದುರಾಳಿ

ಈಗ ಮಾದರಿ ದಿನಕ್ಕೊಮ್ಮೆ ತಾನೇ ಓಡುತ್ತದೆ. ಹವಾಮಾನದ ಆರಂಭಸ್ಥಿತಿಯನ್ನು ಪ್ರತಿದಿನ ಹೊಸದಾಗಿ ಜಿಎಫ್‌ಎಸ್‌ನಿಂದ ತೆಗೆದುಕೊಳ್ಳುತ್ತದೆ, ಇಲ್ಲದಿದ್ದರೆ ಗಾಳಿಯ ದಿಕ್ಕು ದಿನದಿಂದ ದಿನಕ್ಕೆ ನಿಜದಿಂದ ದೂರ ಸರಿಯುತ್ತದೆ. ಅನಿಲ ಮತ್ತು ಕಣಗಳನ್ನು ಮಾತ್ರ ಹಿಂದಿನ ದಿನದ ಓಟದ 24ನೆಯ ಗಂಟೆಯಿಂದ ಎತ್ತಿಕೊಳ್ಳುತ್ತದೆ. ನಿನ್ನೆಯ ಹೊಗೆ ಇಂದಿನ ಗಾಳಿಯಲ್ಲಿ ಉಳಿದಿರುತ್ತದೆಯಲ್ಲವೇ? ಪ್ರತಿದಿನ ಶುದ್ಧ ಗಾಳಿಯಿಂದ ಶುರುಮಾಡಿದರೆ ಮೊದಲ ಎರಡು ಮೂರು ದಿನಗಳ ಫಲಿತಾಂಶ ನಂಬುವಂತಿರುವುದಿಲ್ಲ. ಬೆಂಕಿಯ ದತ್ತಾಂಶ ನಿನ್ನೆಯವರೆಗಿನದು ಮಾತ್ರ ಸಿಗುವುದರಿಂದ, ನಿನ್ನೆ ಉರಿದ ಕಡೆ ನಾಳೆಯೂ ಉರಿಯುತ್ತದೆ ಎಂದುಕೊಂಡು ಮುಂದುವರಿಸುತ್ತೇನೆ. ಇದು ದುರ್ಬಲ ಊಹೆ, ಮಳೆ ಬಂದ ದಿನ ಎದ್ದು ಕಾಣುತ್ತದೆ.

ಫಲಿತಾಂಶವನ್ನು ನಾನು ಎದುರುಹಾಕಿ ನೋಡುವುದು ಒಂದು ವಾಕ್ಯದ ಮುನ್ಸೂಚನೆಯೊಂದಿಗೆ: ನಾಳೆ ಬೆಳಗ್ಗೆ ಇಂದಿನ ಬೆಳಗಿನಷ್ಟೇ ಇರುತ್ತದೆ. ಇದಕ್ಕೆ ಕಂಪ್ಯೂಟರೂ ಬೇಡ, ರಸಾಯನವೂ ಬೇಡ. ಆದರೂ ಇದನ್ನು ಸೋಲಿಸುವುದು ಕಷ್ಟ, ಏಕೆಂದರೆ ಹೆಚ್ಚಿನ ದಿನಗಳು ಹಿಂದಿನ ದಿನದಂತೆಯೇ ಇರುತ್ತವೆ. ಗಡಿಯಾರ ತಪ್ಪಿದ್ದಾಗ ಮಾದರಿ ಇದರೆದುರು ಸತತವಾಗಿ ಸೋಲುತ್ತಿತ್ತು. ಮುಚ್ಚಳ ಸರಿಯಾದ ಮೇಲೆ ಸಾಮಾನ್ಯ ದಿನಗಳಲ್ಲಿ ಎರಡೂ ಸರಿಸಮ. ಮಾದರಿ ಗೆಲ್ಲುವುದು ಗಾಳಿ ಬದಲಾಗುವ ದಿನಗಳಲ್ಲಿ: ಬೀಸುತ್ತಿದ್ದ ಗಾಳಿ ನಿಂತು ಹೊಗೆ ಕೂಡಿಕೊಳ್ಳುವ ಮೊದಲ ಬೆಳಗ್ಗೆ, ದೂರದ ಬೆಂಕಿಯ ಹೊಗೆ ಬಂದು ತಲುಪುವ ದಿನ, ಮಳೆ ತೊಳೆದ ಮರುದಿನ. ಎಚ್ಚರಿಕೆ ನಿಜವಾಗಿ ಬೇಕಿರುವುದೂ ಆ ದಿನಗಳಿಗೇ. ಹಾಗಾಗಿ ಇಡೀ ತಿಂಗಳ ಸರಾಸರಿ ದೋಷವನ್ನು ಬಿಟ್ಟು, ಮಟ್ಟ ಹಠಾತ್ತನೆ ಏರಿದ ದಿನಗಳಲ್ಲಿ ಎಷ್ಟನ್ನು ಮುಂಚೆಯೇ ಹೇಳಿತು, ಎಷ್ಟು ಬಾರಿ ಸುಳ್ಳು ಎಚ್ಚರಿಕೆ ಕೊಟ್ಟಿತು ಎಂಬ ಎರಡು ಎಣಿಕೆಗಳನ್ನೇ ಗೋಡೆಗೆ ಅಂಟಿಸಿಕೊಂಡಿದ್ದೇನೆ.

ಕೊನೆಗೆ ಹಿಂದಿನ ಏಳು ದಿನಗಳ ಗಂಟೆವಾರು ಸರಾಸರಿ ವ್ಯತ್ಯಾಸವನ್ನು ಮಾದರಿಯ ಉತ್ತರದಿಂದ ಕಳೆಯುವ ಸಣ್ಣ ತಿದ್ದುಪಡಿಯನ್ನೂ ಸೇರಿಸಿದೆ. ಈ ತಿದ್ದುಪಡಿಯನ್ನು ಏಳನೆಯ ವಾರದಲ್ಲೇ ಹಾಕಿಬಿಟ್ಟಿದ್ದರೆ ಗೆರೆಗಳು ಅಂದೇ ಚೆನ್ನಾಗಿ ಕಾಣುತ್ತಿದ್ದವು. ಗಡಿಯಾರವೂ ಭೂಬಳಕೆಯ ನಕ್ಷೆಯೂ ತಪ್ಪಾಗಿಯೇ ಉಳಿಯುತ್ತಿದ್ದವು, ಗಾಳಿ ಬದಲಾದ ಮೊದಲ ದಿನವೇ ಎಲ್ಲ ಕಳಚಿಬೀಳುತ್ತಿತ್ತು.

ಸದ್ಯ ಕೈಯಲ್ಲಿರುವ ದೋಷ ಭಾನುವಾರದ್ದು. ಮಾದರಿಗೆ ವಾರದ ಏಳೂ ದಿನ ಒಂದೇ, ರಸ್ತೆಗಳಿಗೆ ಹಾಗಲ್ಲ. ಭಾನುವಾರ ಬೆಳಗಿನ ಪಿಎಂ 2.5 ಮಾದರಿಯಲ್ಲಿ ಹೆಚ್ಚು, ಓಝೋನ್ ಕಡಿಮೆ. ಡಬ್ಬಿ ಹೇಳಿದ್ದೂ ಅದನ್ನೇ. ವಾಹನಗಳ ಪಾಲಿಗೆ ದಿನವಾರು ಗುಣಕಗಳ ಕಡತವನ್ನು ನಿನ್ನೆ ರಾತ್ರಿ ಬರೆದು ಮುಗಿಸಿದೆ. ಮೊತ್ತದ ತಾಳೆ ಸರಿಬಂದಿದೆ, ಸಮಯವಲಯವನ್ನು ಎರಡು ಸಲ ನೋಡಿದ್ದೇನೆ. ಮುಂದಿನ ಭಾನುವಾರದ ಓಟ ಮುಗಿದಾಗ ಮೊದಲು ತೆರೆಯುವುದು ಕಾರ್ಬನ್ ಮಾನಾಕ್ಸೈಡಿನ ಗೆರೆಯನ್ನು.